ಹಗ್ಗ ಬಿಚ್ಚಿದ ಮೇಲೆ

ಪಿ.ಟಿ. ಮೇಡಂ ಹೋದ ಸುದ್ದಿ ನನಗೆ ತಲುಪಿದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ. ತಂಗಿಯ ಮನೆಗೆಂದು ಹೊರಟಿದ್ದೆ, ರೈಲು ತಡವಾಗಿತ್ತು. ಫೋನ್ ಮಾಡಿದವಳು ಅವರ ತಮ್ಮನ ಹೆಂಡತಿ.

"ಅಕ್ಕ ಓಗ್ಬುಟ್ಳು ಮೇಡಂ."

ಅವಳೇ ಮತ್ತೆ, "ಮಣ್ಣಿಗೆ ಬತ್ತೀರಾ? ಊಟದೊತ್ತು ಕಳೆದ ಮ್ಯಾಲೆ ಎತ್ತಾರೆ," ಎಂದಳು. ನಾನು ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಅವರ ಊರಿನ ಕಡೆ ಹೋಗುವ ಕ್ಯಾಸಂಬಳ್ಳಿಯ ಬಸ್ಸು ನಿಂತಿತ್ತು.

ನಾವಿಬ್ಬರೂ ಕೆಜಿಎಫ್‌ನ ಒಂದೇ ಶಾಲೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ನಾನು ಕನ್ನಡ ಪಾಠ ಮಾಡುತ್ತಿದ್ದೆ, ಅವರು ಆಟ ಆಡಿಸುತ್ತಿದ್ದರು. ನನ್ನದು ಚಿತ್ರದುರ್ಗದ ಕಡೆ. ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಬಂದು ನೆಲೆ ನಿಂತವಳು. ಅವರು ಈ ಸೀಮೆಯವರೇ. ಮಕ್ಕಳ ಹತ್ತಿರ ತಮಿಳು, ಆಯಾಳ ಹತ್ತಿರ ತೆಲುಗು, ಸ್ಟಾಫ್ ರೂಮಿನಲ್ಲಿ ಕನ್ನಡ. ಬೈಯಬೇಕಾದಾಗ ಮಾತ್ರ ಮೂರೂ ಒಟ್ಟಿಗೆ ಬರುತ್ತಿದ್ದವು. ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ಕಾಣೆ. ಹೆಡ್‌ಮಾಸ್ಟರರಿಗೂ ಅವರು ಪಿ.ಟಿ. ಮೇಡಮ್ಮೇ.

ಎತ್ತರದ, ಮೂಳೆ ಬಿಟ್ಟುಕೊಂಡ ಹೆಂಗಸು. ಚೂಡಿದಾರದ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಕೊರಳಲ್ಲಿ ಪೀಪಿ ಇರುತ್ತಿತ್ತು, ಊದುತ್ತಿದ್ದದ್ದು ಅಪರೂಪ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಸಿಮೆಂಟ್ ಚೀಲವೊಂದನ್ನು ಹಿಡಿದು ಮೈದಾನದ ಮೂಲೆಮೂಲೆಗೂ ಹೋಗಿ ಗಾಜಿನ ಚೂರು, ಮೊನಚು ಕಲ್ಲು, ತಂತಿ ತುಂಡುಗಳನ್ನು ಆರಿಸುತ್ತಿದ್ದರು. ಚಿನ್ನದ ಗಣಿಯವರು ಸುರಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳ ಕಡೆಯಿಂದ ಗಾಳಿ ಎದ್ದ ದಿನ ಮಕ್ಕಳನ್ನು ಹೊರಗೇ ಬಿಡುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ನಾವು ಇದನ್ನೆಲ್ಲ ಆಡಿಕೊಳ್ಳುತ್ತಿದ್ದೆವು. ಅವರಿಗೆ ಗೊತ್ತಿತ್ತು. ಟಿಫಿನ್ ಡಬ್ಬಿಯನ್ನು ಕಿಟಕಿಯ ಹತ್ತಿರ ನಿಂತುಕೊಂಡೇ ಖಾಲಿ ಮಾಡಿ, ತೊಳೆದಿಟ್ಟು, ಮಾತಿಲ್ಲದೆ ಹೊರಟುಬಿಡುತ್ತಿದ್ದರು.

ಒಂದು ಸಲ ಜಿಲ್ಲಾ ಮಟ್ಟದ ಓಟಕ್ಕೆ ಹೊರಟಿದ್ದ ಹುಡುಗಿಗೆ ಅಂದು ಬೆಳಿಗ್ಗೆ ಮೈ ಸುಡುತ್ತಿತ್ತು. ಆ ವರ್ಷ ಶಾಲೆಗೆ ಕಪ್ ಬರುವುದಿದ್ದರೆ ಅವಳಿಂದಲೇ. ಒಂದು ಮಾತ್ರೆ ಕೊಟ್ಟು ಓಡಿಸಿ ಎಂದರು ಹೆಡ್‌ಮಾಸ್ಟರು.

"ಓಡ್ಸೋದು ಸುಲಭ ಸಾರ್," ಎಂದರು ಮೇಡಂ. "ಬಿದ್ದ ಮೇಲೆ ಎತ್ಕೊಂಡು ಅವಳಮ್ಮನ ಹತ್ರ ಹೋಗೋರ್ಯಾರು? ನೀವಾ?"

ಎಲ್ಲರೆದುರು ಆಡಿದ ಮಾತು. ಹೆಡ್‌ಮಾಸ್ಟರು ಆಮೇಲೆ ಎಷ್ಟೋ ತಿಂಗಳು ಅವರ ಮುಖ ನೋಡಿ ಮಾತಾಡಲಿಲ್ಲ. ಮೇಡಂ ಅದನ್ನು ಗಮನಿಸಿದರೋ ಇಲ್ಲವೋ, ಹೇಳುವುದು ಕಷ್ಟ.

ಅವರ ಅಪ್ಪ ಬಂಗಾರಪೇಟೆಯಲ್ಲಿ ಜಟಕಾ ಹೊಡೆಯುತ್ತಿದ್ದರಂತೆ. ಆಟೋಗಳು ಬಂದ ಮೇಲೆ ಗಾಡಿ ಮೂಲೆ ಸೇರಿತು, ಅಪ್ಪನೂ ಹೋದರು. ತಮ್ಮ ಮಾತ್ರ ಕುದುರೆ ಬಿಡಲಿಲ್ಲ. ಕ್ಯಾಸಂಬಳ್ಳಿಯ ಹತ್ತಿರದ ಊರಿನ ಮನೆಯಲ್ಲೇ ಇದ್ದುಕೊಂಡು, ಒಂದು ಬಿಳಿ ಕುದುರೆ ಸಾಕಿ, ಮದುವೆ ಮೆರವಣಿಗೆಗಳಿಗೆ ಒಯ್ಯುತ್ತಿದ್ದ. ಅದರ ಹೆಸರು ಮಲ್ಲಿ. ಮೇಡಂ ಮದುವೆಯಾಗಿರಲಿಲ್ಲ. ತಮ್ಮ, ಅವನ ಹೆಂಡತಿ, ಇವರು ಮೂವರೂ ಒಂದೇ ಮನೆಯಲ್ಲಿದ್ದರು.

ಆ ತಮ್ಮ ಸತ್ತದ್ದು ಬಂಗಾರಪೇಟೆಯ ಒಂದು ಮದುವೆಯಲ್ಲಿ. ಛತ್ರದ ಮುಂದೆ ವರನನ್ನು ಇಳಿಸಿ ಕುದುರೆಯನ್ನು ಪಕ್ಕಕ್ಕೆ ಕರೆದೊಯ್ಯುತ್ತಿದ್ದಾಗ ಯಾರೋ ಪಟಾಕಿ ಸರಕ್ಕೆ ಬೆಂಕಿ ಹಚ್ಚಿ ಅದರ ಕಾಲ ಬುಡಕ್ಕೇ ಎಸೆದರು. ಕುದುರೆ ಕಿತ್ತುಕೊಂಡು ಓಡಿತು. ಹಗ್ಗ ಅವನ ಕೈಗೆ ಸುತ್ತಿಕೊಂಡಿತ್ತು. ಟಾರು ರಸ್ತೆಯ ಮೇಲೆ ರೈಲ್ವೆ ಗೇಟಿನವರೆಗೂ ಎಳೆದುಕೊಂಡು ಹೋಯಿತು. ಪಟಾಕಿ ಎಸೆದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಮುಹೂರ್ತ ಮೀರುತ್ತದೆಂದು ಅತ್ತ ಛತ್ರದಲ್ಲಿ ತಾಳಿ ಕಟ್ಟಿಸಿ, ಊಟವನ್ನೂ ಬಡಿಸಿದರಂತೆ.

ಮೇಡಂ ಹನ್ನೊಂದರ ಶಾಸ್ತ್ರ ಮುಗಿಸಿ ಶಾಲೆಗೆ ಬಂದರು, ಚೀಲ ಹಿಡಿದು ಮೈದಾನಕ್ಕಿಳಿದರು. ಅಲ್ಲಿಂದಾಚೆಗೆ ಯಾರ ಮದುವೆಗೂ ಹೋಗಲಿಲ್ಲ. ನನ್ನ ಮಗಳ ಮದುವೆಯ ಕರೆಯೋಲೆಯನ್ನು ಓದಿ ನನ್ನ ಕೈಗೇ ವಾಪಸ್ಸು ಕೊಟ್ಟರು. "ಬರಲ್ಲ ಮೇಡಂ. ಮಗು ಹುಟ್ಟಿದ ಮೇಲೆ ಬರ್ತೀನಿ." ನನಗೆ ಬಹಳ ನೋವಾಯಿತು. ಆದರೆ ಮೊಮ್ಮಗಳು ಹುಟ್ಟಿದಾಗ ಮೊದಲು ಬಂದವರು ಅವರೇ. ಮಗುವನ್ನು ಎತ್ತಿಕೊಳ್ಳುವ ಮುಂಚೆ ತೊಟ್ಟಿಲ ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದರು.

ತಮ್ಮ ಸತ್ತ ವರ್ಷವೇ, ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನನ್ನ ಬಳಿ ಬಂದು ನಿಂತರು.

"ನಾಳೆ ಬಿಡುವಿದ್ಯಾ ಮೇಡಂ? ಒಂದು ಗೇಟು ಕಾಯ್ಬೇಕು."

"ಯಾವ ಗೇಟು?"

"ನಮ್ಮನೇದು. ಕುದುರೆ ಬಿಡ್ತಿದೀನಿ. ಹಗ್ಗ ಇಲ್ದೆ."

ಮಲ್ಲಿ ಇನ್ನೂ ಆ ಮನೆಯಲ್ಲೇ ಇದೆಯೆಂದು ನನಗೆ ಗೊತ್ತಿರಲಿಲ್ಲ. ಆಗ ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಆವತ್ತಿನಿಂದ ಅದನ್ನು ಹುಣಸೆ ಮರಕ್ಕೆ ಸರಪಳಿಯಲ್ಲಿ ಕಟ್ಟಿದ್ದಾರೆ. ಹುಲ್ಲನ್ನು ದೂರದಿಂದ ಎಸೆಯಬೇಕು. ಹಗ್ಗ ಕಂಡರೆ ಹಿಂದಕ್ಕೆ ತಿರುಗಿ ಒದೆಯುತ್ತದೆ. ತಮ್ಮನ ಹೆಂಡತಿ ಒಂದೇ ಮಾತು ಹಿಡಿದಿದ್ದಾಳೆ: ಅದಕ್ಕೆ ಸೂಜಿ ಹಾಕಿಸಿ ಸಾಯಿಸು, ಇಲ್ಲವಾದರೆ ನಾನು ತವರಿಗೆ ಹೋಗುತ್ತೇನೆ. ಬೇತಮಂಗಲದ ಪಶುವೈದ್ಯರು ಬಂದು ನೋಡಿ, ಮನುಷ್ಯರನ್ನು ಹತ್ತಿರ ಸೇರಿಸದ ಪ್ರಾಣಿಯನ್ನು ಹೀಗೇ ಕಟ್ಟಿ ಇಡುವುದೂ ಹಿಂಸೆಯೇ ಎಂದಿದ್ದಾರೆ. ಮೇಡಂ ಸ್ವಲ್ಪ ಸಮಯ ಕೇಳಿಕೊಂಡಿದ್ದಾರೆ. ರಜೆಯಲ್ಲಿ ಬೆಂಗಳೂರಿನ ಒಂದು ಸವಾರಿ ಶಾಲೆಗೆ ಹೋಗಿ, ಕುದುರೆಯನ್ನು ಬೇಲಿಯೊಳಗೆ ಬರೀ ಮೈಯಲ್ಲಿ ಬಿಟ್ಟು ಮಾತಿನಿಂದಲೇ ನಡೆಸುವುದನ್ನು ನೋಡಿಕೊಂಡು ಬಂದಿದ್ದಾರೆ.

"ನನ್ನನ್ಯಾಕೆ ಕರೀತೀರಿ? ನನಗೆ ನಾಯಿ ಕಂಡ್ರೂ ಭಯ."

"ಹೆದರಿದ್ರೆ ನೀವು ಕಿರುಚಲ್ಲ. ಇದ್ದ ಜಾಗದಲ್ಲೇ ಕಲ್ಲಾಗ್ಬಿಡ್ತೀರಿ. ನಂಗೆ ಅದೇ ಬೇಕು."

ಮಾರನೆಯ ದಿನ ಹೋದೆ. ಮನೆಯ ಹಿಂದೆ ರಾಗಿ ಬಡಿಯುವ ಕಣದ ಸುತ್ತ ನೀಲಗಿರಿ ಗಳುಗಳ ಬೇಲಿ, ಆಳೆತ್ತರಕ್ಕೂ ಮೀರಿ. ಎಲ್ಲೂ ಮೂಲೆಯಿಲ್ಲದಂತೆ ದುಂಡಗೆ ಹಾಕಿಸಿದ್ದರು. ಮೂಲೆ ಸಿಕ್ಕರೆ ಕುದುರೆ ಅಲ್ಲಿ ಸಿಕ್ಕಿಬೀಳುತ್ತದೆ, ಸಿಕ್ಕಿಬಿದ್ದದ್ದು ಒದೆಯುತ್ತದೆ ಎಂದರು. ಕಟ್ಟುಗಳೆಲ್ಲ ಹೊರಮೈಯಲ್ಲಿ. ಒಳಗೆ ಒಂದು ಮೊಳೆಯ ತುದಿಯೂ ಇಲ್ಲ. ನೆಲಕ್ಕೆ ಮರಳು ಹಾಸಿತ್ತು. ನಾನು ಬಂದ ಮೇಲೂ ಮತ್ತೊಮ್ಮೆ ಬೇಲಿಯುದ್ದಕ್ಕೂ ಕೈಯಾಡಿಸಿಕೊಂಡು ಹೋಗಿ ಬಂದರು. ಶಾಲೆಯ ಮೈದಾನದಲ್ಲಿ ನಾವು ನಗುತ್ತಿದ್ದ ಅದೇ ನಡಿಗೆ. ಅಂದು ನನಗೆ ನಗು ಬರಲಿಲ್ಲ.

ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡರು. ಕೈಯಲ್ಲಿ ಉದ್ದನೆಯ ಬಿದಿರು ಕೋಲು, ತುದಿಗೆ ಬಟ್ಟೆ ಚೂರು.

"ಹೊಡಿಯೋಕಲ್ಲ ಇದು. ನನ್ನ ಕೈ ಚಿಕ್ಕದು, ಅದಕ್ಕೆ. ನೀವು ಗೇಟಿನ ಆಚೆ ಇರಿ. ನಾನು ಬಿದ್ರೂ ಒಳಗೆ ಬರಬೇಡಿ. ನಾನು ಕೂಗಿದ್ರೆ ಮಾತ್ರ ಅಗಳಿ ತೆಗೀರಿ, ತೆಗೆದು ಬಾಗಿಲ ಹಿಂದೆ ಸರೀರಿ, ಎದುರಿಗೆ ನಿಲ್ಲಬೇಡಿ."

ಹುಣಸೆ ಮರದಿಂದ ಕಣದವರೆಗೆ ಎರಡೂ ಕಡೆ ಗಳು ಕಟ್ಟಿ ಓಣಿ ಮಾಡಿದ್ದರು. ಮರದ ಹಿಂದಿನಿಂದ ಕೊಕ್ಕೆ ಕಳಚಿದರು. ಮಲ್ಲಿ ಆ ಓಣಿಯಲ್ಲಿ ನುಗ್ಗಿ ಕಣಕ್ಕೆ ಬಂತು. ಅಷ್ಟು ಹತ್ತಿರದಿಂದ ನಾನು ಕುದುರೆ ನೋಡಿದ್ದು ಅದೇ ಮೊದಲು. ಬಿಳುಪು ಹೋಗಿ ಸಗಣಿ ಬಣ್ಣಕ್ಕೆ ತಿರುಗಿತ್ತು. ಕತ್ತಿನ ಮೇಲೆ ಸರಪಳಿ ತಿಂದ ಗಾಯ. ಪಕ್ಕೆ ಎಣಿಸಬಹುದಿತ್ತು. ಬಿಡುಗಡೆ ಸಿಕ್ಕಿದ್ದೇ ತಡ ಓಡತೊಡಗಿತು. ಬೇಲಿಗೆ ಮೈ ಉಜ್ಜಿಕೊಂಡು, ಮರಳು ಎರಚಿಕೊಂಡು, ಸುತ್ತಿ ಸುತ್ತಿ ಓಡಿತು. ಮೇಡಂ ಓಣಿಯ ಬಾಯಿಗೆ ಗಳು ಅಡ್ಡ ಹಾಕಿ ಬಂದು, ನಡುವೆ ನಿಂತು ಅದರ ಜೊತೆಗೇ ತಿರುಗುತ್ತಿದ್ದರು. ಅದರ ಮುಖಕ್ಕೆ ಎದುರಾಗಲಿಲ್ಲ, ಹಿಂಗಾಲುಗಳ ಬಳಿಗೂ ಹೋಗಲಿಲ್ಲ. ಕಣ್ಣು ಮಾತ್ರ ಅದರ ಭುಜದ ಮೇಲಿತ್ತು. ಕೋಲಿನ ತುದಿ ನೆಲ ಬಿಟ್ಟು ಏಳಲಿಲ್ಲ.

"ಓಡಮ್ಮಾ. ಓಡು. ಯಾರೂ ಹಿಡಿಯಲ್ಲ," ಎನ್ನುತ್ತಿದ್ದರು. ನಾನು ಅವರ ಬಾಯಲ್ಲಿ ಅಂಥ ಮೆತ್ತನೆಯ ದನಿ ಕೇಳಿರಲಿಲ್ಲ.

ಒಮ್ಮೆ ಅದು ತಟ್ಟನೆ ನಿಂತು, ಬೆನ್ನು ಅವರ ಕಡೆ ತಿರುಗಿಸಿ, ಎರಡೂ ಕಾಲಲ್ಲಿ ಒದೆಯಿತು. ಗೊರಸು ಗಾಳಿಯಲ್ಲಿ ಹಾಯ್ದ ಸದ್ದು ಗೇಟಿನವರೆಗೂ ಕೇಳಿಸಿತು. ಮೇಡಂ ಆ ಮೊದಲೇ ದೂರ ಸರಿದಿದ್ದರು. ಕೋಲು ಝಾಡಿಸಲಿಲ್ಲ, ಗದರಲಿಲ್ಲ. ಕಾದರು. ಮತ್ತೆ ಓಡು ಎಂದರು. ಅವರು ಹೇಳಿದ್ದಂತೆಯೇ ನಾನು ಕಲ್ಲಾಗಿ ನಿಂತಿದ್ದೆ.

ಆಗಲೇ ಪಕ್ಕದಲ್ಲಿ ಯಾರೋ ಬಂದಂತಾಯಿತು. ತಮ್ಮನ ಹೆಂಡತಿ. ಕೂಲಿಗೆ ಹೋದವಳು ಅರ್ಧಕ್ಕೇ ಬಿಟ್ಟು ಬಂದಿದ್ದಳು. ಸೀರೆ ಮೊಣಕಾಲಿಗೆ ಸಿಕ್ಕಿಸಿಕೊಂಡೇ ಇತ್ತು. ಬೇಲಿಯ ಸಂದಿಗೆ ಮುಖವಿಟ್ಟು ನೋಡತೊಡಗಿದಳು. ಕುದುರೆ ಅವಳ ಮುಂದೆ ಹಾಯುವಾಗಲೆಲ್ಲ ಅವಳ ಬೆರಳುಗಳು ಗಳುವನ್ನು ಬಿಗಿಯಾಗಿ ಹಿಡಿಯುತ್ತಿದ್ದವು.

ಕುದುರೆಯ ಓಟ ನಿಧಾನವಾಯಿತು. ಒಳಬದಿಯ ಕಿವಿ ಮೇಡಂ ಕಡೆ ತಿರುಗಿತು. ಕತ್ತು ಇಳಿಯಿತು. ಬಾಯಿ ಚಪ್ಪರಿಸಿತು. ಮೇಡಂ ಕೋಲನ್ನು ನೆಲಕ್ಕೆ ಹಾಕಿ, ಅದರ ಕಡೆಗೆ ಪಕ್ಕ ತಿರುಗಿ, ಕೈ ಜೋಲುಬಿಟ್ಟು ನಿಂತರು. ಬಾ ಎನ್ನಲಿಲ್ಲ. ಕುದುರೆ ಅಷ್ಟು ದೂರದಲ್ಲಿ ನಿಂತು ನೋಡಿತು, ಮೂಗರಳಿಸಿತು, ಒಂದು ಹೆಜ್ಜೆ ಇಟ್ಟು ನಿಂತಿತು. ಕೊನೆಗೆ ಬಂದು ಅವರ ಭುಜದ ಪಕ್ಕ ತಲೆ ತಗ್ಗಿಸಿ ನಿಂತಿತು. ಅವರು ನಾಲ್ಕು ಹೆಜ್ಜೆ ನಡೆದರು. ಅದೂ ಹಿಂದೆಯೇ ನಡೆಯಿತು.

ನನಗೆ ಅಳು ಬಂತು. ಪಕ್ಕದಲ್ಲಿದ್ದವಳ ಕಡೆ ತಿರುಗಿದೆ. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ನೋಡ್ದೇನಮ್ಮಾ?" ಎಂದು ಮೇಡಂ ಒಳಗಿನಿಂದ ಕೇಳಿದರು. ಅವರ ಮುಖದಲ್ಲಿ ಸಂತೋಷವಿತ್ತು. "ಕೆಟ್ಟ ಕುದುರೆ ಅಲ್ಲ ಕಣೇ ಇದು."

"ನೋಡ್ದೆ," ಎಂದಳು. "ಕೆಟ್ಟದಾಗಿದ್ದಿದ್ರೇ ಚೆಂದಾಗಿತ್ತಕ್ಕಾ. ಕೆಟ್ಟ ಕುದ್ರೆ ಕೊಂದಾಕ್ತು ಅಂತ ಇಷ್ಟು ದಿನ ಎಂಗೋ ಇದ್ದೆ. ಇವಾಗ ಏನಂತ ಇರಾನ?"

ಅವಳು ಮನೆಯೊಳಕ್ಕೆ ಹೋದಳು. ಮೇಡಂ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡರು. ಆಮೇಲೆ ಬಗ್ಗಿ ಕೋಲು ತೆಗೆದುಕೊಂಡು ಕುದುರೆಯನ್ನು ಇನ್ನೊಂದು ಕಡೆಗೆ ತಿರುಗಿಸಿದರು. ಎರಡು ಕಡೆಯೂ ನಡೆಸಬೇಕಂತೆ. ಒಂದೇ ಕಡೆ ನಡೆಸಿ ಬಿಟ್ಟರೆ ಅದರ ಮೈ ಸೊಟ್ಟಗಾಗುತ್ತದಂತೆ. ಅದು ದಣಿಯುವ ಮೊದಲೇ ನಿಲ್ಲಿಸಿದರು.

ಬಸ್ ಸ್ಟಾಪಿನವರೆಗೂ ನನ್ನನ್ನು ಬಿಡಲು ಬಂದರು. ದಾರಿಯಲ್ಲಿ ತಾವಾಗಿಯೇ ಹೇಳಿದರು: "ನಮ್ಮಪ್ಪ ಕಲಿಸಿದ್ದು ಒಂದೇ ಮೇಡಂ. ಏನಾದ್ರೂ ಆಗ್ಲಿ ಹಗ್ಗ ಬಿಡಬೇಡಿ ಅಂತ. ಅವನು ಚಿಕ್ಕೋನಿದ್ದಾಗ ನಾನೇ ಅವನ ಕೈಗೆ ಸುತ್ತಿ ಕೊಡ್ತಿದ್ದೆ. ಜಾರ್ಬಾರ್ದು ಅಂತ."

ನಾನು ಅವರ ತೋಳು ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಸೂಜಿಯ ಮಾತು ಮತ್ತೆ ಏಳಲಿಲ್ಲ. ತಮ್ಮನ ಹೆಂಡತಿ ತವರಿಗೂ ಹೋಗಲಿಲ್ಲ. ಆದರೆ ಕಣದ ಕಡೆ ಕಾಲಿಡಲಿಲ್ಲ, ಅಕ್ಕನ ಹತ್ತಿರ ಬೇಕಾದಷ್ಟೇ ಮಾತು. ಮೇಡಂ ದಿನವೂ ಶಾಲೆಯಿಂದ ಬಂದು ಮಲ್ಲಿಯನ್ನು ಬಿಟ್ಟು ನಡೆಸುತ್ತಿದ್ದರು. ಮೈ ತುಂಬಿತು, ಬಿಳುಪು ಮರಳಿತು. ಒಳ್ಳೆಯ ಕುದುರೆ ಎಂದು ಹೆಸರಾಗಿ, ಮದುವೆಗಳಿಗೆ ಕೇಳಿಕೊಂಡು ಜನ ಬರತೊಡಗಿದರು. ಗಡಿಯಾಚೆಯ ವಿ.ಕೋಟೆಯಿಂದೆಲ್ಲ ಬರುತ್ತಿದ್ದರು. ಮೇಡಂ ಅವರನ್ನು ಅಂಗಳಕ್ಕೂ ಸೇರಿಸುತ್ತಿರಲಿಲ್ಲ.

ಆಮೇಲೆ ಮೇಡಂ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕೋಲಾರದಲ್ಲಿ ಆಪರೇಷನ್ ಆಯಿತು, ಇಂಜೆಕ್ಷನ್‌ಗಳಾದವು. ಮತ್ತೆ ಬಂತು. ಶಾಲೆ ಬಿಟ್ಟರು. ನಾನು ಭಾನುವಾರಗಳಲ್ಲಿ ಹೋಗುತ್ತಿದ್ದೆ. ಉಣಿಸುವುದು, ಮೈ ಒರೆಸುವುದು, ಕೊಳೆ ತೆಗೆಯುವುದು ಎಲ್ಲವನ್ನೂ ತಮ್ಮನ ಹೆಂಡತಿಯೇ ಮಾಡುತ್ತಿದ್ದಳು, ಮೊದಲಿನ ಹಾಗೆಯೇ ಮಾತಿಲ್ಲದೆ.

ಅಂಥ ಒಂದು ಭಾನುವಾರ ಬೇತಮಂಗಲದ ಪಶುವೈದ್ಯರು ಬಂದು ಅಂಗಳದಲ್ಲಿ ಕೂತಿದ್ದರು. ಮೇಡಮ್ಮೇ ಕರೆಸಿದ್ದರು.

"ನಾನು ಹೋದ ಮೇಲೆ ಇದು ಮತ್ತೆ ಮೆರವಣಿಗೆಗೇ ಹೋಗುತ್ತೆ ಡಾಕ್ಟ್ರೇ," ಎಂದರು. "ಸಾಧು ಕುದುರೆ. ಯಾರು ಬೇಕಾದ್ರೂ ಹಿಡ್ಕೊಂಡು ಹೋಗ್ತಾರೆ. ಮತ್ತೆ ಕಾಲಡಿ ಪಟಾಕಿ. ನಾನಿರೋವಾಗ್ಲೇ ಮುಗಿಸ್ಬಿಡಿ. ನಾನೇ ಪಕ್ಕ ನಿಂತ್ಕೊತೀನಿ."

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ತಮ್ಮನ ಹೆಂಡತಿ ಲೋಟಗಳನ್ನು ಠಕ್ಕನೆ ಜಗುಲಿಯ ಮೇಲೆ ಇಟ್ಟಳು.

"ನಾನು ಸಾಯ್ಸು ಅಂದಾಗ ಆಗಾಕಿಲ್ಲ ಅಂದೆ. ತಪ್ಪಿಲ್ಲ ಅಂತ ಕಣ್ಮುಂದೇನೇ ತೋರ್ಸ್ದೆ. ಈವಾಗ ನೀನೇ ಸಾಯ್ಸ್ತೀಯಾ? ನಿಮ್ಮನೇರಿಗೆ ಬೇರೆ ದಾರೀನೇ ಗೊತ್ತಿಲ್ವಾ? ಇಡ್ಕೊಂಡ್ರೆ ಉಸಿರು ಓಗೋಗಂಟ ಇಡ್ಕೊಳೋದು, ಬುಟ್ರೆ ಸಾಯ್ಸೋದು!"

"ನೋಡ್ಕೊಳೋರು ಯಾರೇ?"

"ನಾನು."

"ನಿಂಗೆ ಅದನ್ನ ಕಂಡ್ರೆ ಆಗಲ್ವಲ್ಲೇ."

"ಆಗಾಕಿಲ್ಲ. ನೋಡ್ಕೊತೀನಿ."

ಡಾಕ್ಟರು ಕಾಫಿ ಕುಡಿದು ಹೊರಟುಹೋದರು. ಮೇಡಂ ಆವತ್ತು ಸಂಜೆಯೇ ಕುರ್ಚಿಯನ್ನು ಕಣದ ಹತ್ತಿರ ಹಾಕಿಸಿಕೊಂಡರು. ಕುರ್ಚಿಯವರೆಗೆ ನಡೆಸಿಕೊಂಡು ಹೋಗಲು ನನ್ನ ಜೊತೆ ಅವಳೂ ತೋಳು ಕೊಟ್ಟಳು. ಮೇಡಂ ಹೆಲ್ಮೆಟ್ಟನ್ನು ತಾವೇ ಅವಳ ತಲೆಗೆ ಹಾಕಿ ಗದ್ದದ ಕೆಳಗೆ ಪಟ್ಟಿ ಬಿಗಿದರು. ಬೇಲಿಗೆ ಕೈಯಾಡಿಸಿಕೊಂಡು ಬಾ ಎಂದರು. ಅವಳು ಸುತ್ತಿ ಬಂದಳು. ಒಳಗೆ ಹೋಗಿ ನಡುವೆ ನಿಂತಳು. ಕೋಲಿನ ತುದಿಯನ್ನು ನೆಲಕ್ಕೆ ಇಳಿಸಿದಳು.

"ಮುಖ ನೋಡಬೇಡ. ಭುಜ ನೋಡು. ಉಸಿರು ಬಿಡು, ಹಿಡ್ಕೋಬೇಡ."

ಮಲ್ಲಿ ಸುಮ್ಮನೆ ಸುತ್ತಿತು. ಅದಕ್ಕೀಗ ಅಭ್ಯಾಸವಾಗಿತ್ತು. ಸ್ವಲ್ಪ ಹೊತ್ತಿಗೇ ನಿಂತು, ತಲೆ ತಗ್ಗಿಸಿ, ತಾನಾಗಿಯೇ ಅವಳ ಹತ್ತಿರ ಬಂತು. ಅವಳ ಭುಜಕ್ಕೆ ಮೂಗು ತಾಗಿಸಿತು.

ಅವಳು ತಿರುಗಿ, ಅಂಗೈ ಬೀಸಿ, ಅದರ ಕೆನ್ನೆಗೆ ಹೊಡೆದಳು.

ಕುದುರೆ ಹಾರಿ ಬೇಲಿಗೆ ಬಡಿದುಕೊಂಡಿತು. ನಾನು ಅಗಳಿಗೆ ಕೈ ಹಾಕಿದೆ. ಮೇಡಂ ನನ್ನ ಕೈ ಹಿಡಿದರು. ಅವಳು ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗಂಡ ಸತ್ತ ದಿನ ಅಳಬೇಕಾಗಿದ್ದನ್ನೆಲ್ಲ ಅತ್ತಳು. ಕುದುರೆ ಆಚೆ ಬದಿಯಲ್ಲಿ ಬೇಲಿಗೆ ಒತ್ತಿಕೊಂಡು ನಿಂತಿತ್ತು.

ಮೇಡಂ ಬೈಯಲಿಲ್ಲ. "ಮೊದಲು ಎದ್ದು ನಿಂತ್ಕೊಳ್ಳಮ್ಮಾ, ಕೂತ್ಕೋಬಾರ್ದು ಅಲ್ಲಿ," ಎಂದರು. ಅವಳು ಎದ್ದ ಮೇಲೆ, "ಕಾದು ನೋಡು. ಬರಬೋದು," ಎಂದರು.

ಕತ್ತಲಾಗುವವರೆಗೂ ಕಾದೆವು. ಅದು ಬರಲಿಲ್ಲ.

ಅದಾದ ಮೇಲೆ ಮೇಡಂ ಹಾಸಿಗೆ ಬಿಟ್ಟು ಏಳಲಿಲ್ಲ. ಕಿಟಕಿಯಿಂದ ಕಣ ಕಾಣುತ್ತಿರಲಿಲ್ಲ. ಆದ್ದರಿಂದ ತಮ್ಮನ ಹೆಂಡತಿ ದಿನವೂ ಒಳಗೆ ಬಂದು ಆದದ್ದನ್ನು ಹೇಳಬೇಕಾಗುತ್ತಿತ್ತು. ಆ ಮನೆಯಲ್ಲಿ ಮಾತು ಶುರುವಾದದ್ದು ಹಾಗೆ.

ನಾನು ಬಸ್ಸಿಳಿದು ಹೋಗುವ ಹೊತ್ತಿಗೆ ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ದೊಡ್ಡ ಗಂಡಸರಾಗಿಬಿಟ್ಟಿದ್ದ ಹುಡುಗರು ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಮಣ್ಣು ಮುಗಿಸಿ, ಜನ ಕರಗಿದ ಮೇಲೆ ನಾನು ಹಿತ್ತಲಿಗೆ ಹೋದೆ. ತಮ್ಮನ ಹೆಂಡತಿ ಒದ್ದೆ ತಲೆಯಲ್ಲೇ ಹುರುಳಿ ಬೋಗುಣಿ ಹಿಡಿದು ಕಣದೊಳಗೆ ಹೋಗುತ್ತಿದ್ದಳು. ಬೋಗುಣಿಯನ್ನು ನಡುವೆ ಇಟ್ಟು, ಪಕ್ಕಕ್ಕೆ ತಿರುಗಿ, ಕೈ ಇಳಿಬಿಟ್ಟು ನಿಂತಳು. ಮಲ್ಲಿ ದೂರದಲ್ಲಿ ಕಿವಿ ನಿಮಿರಿಸಿಕೊಂಡು ನೋಡುತ್ತಿತ್ತು. ಬಹಳ ಹೊತ್ತಾದ ಮೇಲೆ ಅವಳು ಹೊರಗೆ ಬಂದು ಅಗಳಿ ಹಾಕಿದಳು. ಆಗ ಅದು ಬಂದು ಬೋಗುಣಿಗೆ ಬಾಯಿ ಹಾಕಿತು.

"ಇನ್ನೂ ಹತ್ರ ಬರಲ್ವಾ?" ಎಂದೆ.

"ಇಲ್ಲ ಮೇಡಂ. ದಿನಾ ಇಂಗೇನೇ. ಅಕ್ಕ ಕೇಳೋಳು, ಬಂತೇನೇ ಅಂತ. ಇಲ್ಲ ಅಂತಿದ್ದೆ. ನಿನ್ನೆ ಸಂಜೆ ಒಂದೇ ಕಿತ ಬಂತು ಅಂತ ಸುಳ್ಳು ಯೇಳ್ದೆ."

"ಏನಂದ್ರು?"

"ಸುಳ್ಳು ಯೇಳ್ಬ್ಯಾಡ, ನಾಳೆ ಮತ್ತೆ ಓಗು ಅಂದ್ಳು."

ಅವಳು ಸೆರಗಿನಿಂದ ತಲೆ ಒರೆಸಿಕೊಳ್ಳುತ್ತ, ಕುದುರೆ ತಿಂದು ಮುಗಿಸುವವರೆಗೂ ಬೇಲಿಯ ಹೊರಗೆ ನಿಂತೇ ಇದ್ದಳು.